ನಮ್ಮ ದೊಡ್ಡಮ್ಮನೂ ಊರಿನವರ ಪಾಪಗಳೂ

ಪಾಪದ ವಿಷಯದಲ್ಲಿ ನಮ್ಮ ದೊಡ್ಡಮ್ಮನಿಗಿರುವಷ್ಟು ಜ್ಞಾನ ಇಡೀ ಮೂಡಿಗೆರೆ ತಾಲ್ಲೂಕಿನಲ್ಲಿ ಇನ್ನೊಬ್ಬರಿಗಿಲ್ಲ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ಕೋಪ, ಹೊಟ್ಟೆಕಿಚ್ಚು, ಜಿಪುಣತನ, ಚಾಡಿ, ಸೋಮಾರಿತನ, ಯಾವುದನ್ನು ಬೇಕಾದರೂ ಕೇಳಿ. ಅದು ಯಾರ ಮನೆಯಲ್ಲಿ ಎಷ್ಟು ವರ್ಷದಿಂದ ಬೀಡುಬಿಟ್ಟಿದೆ ಎಂದು ಥಟ್ಟನೆ ಹೇಳುತ್ತಿದ್ದರು. ವಿಶೇಷವೇನೆಂದರೆ, ಇಷ್ಟು ದೊಡ್ಡ ದಾಸ್ತಾನಿನಲ್ಲಿ ಅವರದ್ದು ಒಂದೇ ಒಂದೂ ಇರಲಿಲ್ಲ!

ದೊಡ್ಡಮ್ಮ ಎಂದರೆ ನನ್ನ ತಾಯಿಯ ಅಕ್ಕ. ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾದವರು. ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ ಬಂದ ಗಂಡುಗಳ ಹೆಸರನ್ನೂ ಒಬ್ಬೊಬ್ಬನ ದೋಷವನ್ನೂ ಈಗಲೂ ಕ್ರಮವಾಗಿ ಹೇಳುತ್ತಾರೆ. ನಮ್ಮ ಮನೆಗೆ ಅಂಟಿಕೊಂಡ ಎರಡು ಕೋಣೆಗಳಲ್ಲಿ ಅವರ ವಾಸ. ನಡುವೆ ಒಂದೇ ಗೋಡೆ. ನಮ್ಮ ಮನೆಯ ಪಾಪಗಳು ಅವರಿಗೆ ಕೇಳಿಸುತ್ತವೆ, ಅವರ ಪ್ರಾರ್ಥನೆ ನಮಗೆ ಕೇಳಿಸುತ್ತದೆ.

ನಮ್ಮ ಚರ್ಚಿನ ಸಭೆಯವರು ಪ್ರತಿ ಬುಧವಾರ ಸಂಜೆ ಯಾರಾದರೊಬ್ಬರ ಮನೆಯಲ್ಲಿ ಪ್ರಾರ್ಥನೆಗೆ ಸೇರುವುದುಂಟು. ಅಲ್ಲಿ ದೊಡ್ಡಮ್ಮ ಕಣ್ಣು ಮುಚ್ಚಿದರೆಂದರೆ ಉಳಿದವರೆಲ್ಲ ಕಿವಿ ತೆರೆಯುತ್ತಿದ್ದರು. ಅವರು ಯಾರ ಹೆಸರನ್ನೂ ಎತ್ತುತ್ತಿರಲಿಲ್ಲ. ಹೆಸರು ಹೇಳಿದರೆ ಅದು ಚಾಡಿಯಾಗುತ್ತದಲ್ಲ! ವಿಳಾಸ ಮಾತ್ರ ಹೇಳುತ್ತಿದ್ದರು. “ಕರ್ತನೇ, ಬಸ್ ಸ್ಟ್ಯಾಂಡಿನ ಹಿಂದೆ ಹಸಿರು ಗೇಟಿನ ಮನೆಯಲ್ಲಿ ನಿನ್ನ ಮಗಳೊಬ್ಬಳು ಇದ್ದಾಳೆ. ಅತ್ತೆಗೆ ಒಂದು ಚೆಂಬು ಬಿಸಿನೀರು ಕಾಯಿಸಿ ಕೊಡುವ ಮನಸ್ಸನ್ನು ಅವಳಿಗೆ ದಯಪಾಲಿಸು.” ಹಸಿರು ಗೇಟಿನವರು ನಾಲ್ಕೇ ದಿನದಲ್ಲಿ ಗೇಟಿಗೆ ನೀಲಿ ಬಣ್ಣ ಹೊಡೆಸಿದರು. ಮುಂದಿನ ಬುಧವಾರ ದೊಡ್ಡಮ್ಮ, “ಕರ್ತನೇ, ಮೊನ್ನೆ ಮೊನ್ನೆಯವರೆಗೆ ಹಸಿರಾಗಿದ್ದ ಆ ಗೇಟು” ಎಂದು ಶುರುಮಾಡಿದರು.

ಚರ್ಚಿನಲ್ಲಿ ಅವರ ಜಾಗ ಕೊನೆಯ ಬೆಂಚಿನ ಮೂಲೆ. ಮುಂದೆ ಕೂರುವವರಿಗೆ ತಮ್ಮನ್ನು ಎಲ್ಲರೂ ನೋಡಲಿ ಎಂಬ ಆಸೆ ಇರುತ್ತದೆ ಎಂಬುದು ಅವರ ಅಭಿಪ್ರಾಯ. ಒಂದು ಭಾನುವಾರ ಯಾರೋ ಹೊರಗಿನವರು, ಗಂಡ ಹೆಂಡತಿ ಮಕ್ಕಳು, ಗೊತ್ತಿಲ್ಲದೆ ಆ ಬೆಂಚಿನಲ್ಲಿ ಕೂತುಬಿಟ್ಟರು. ಮುಂದೆ ನಾಲ್ಕು ಬೆಂಚು ಖಾಲಿ. ದೊಡ್ಡಮ್ಮ ಅಲ್ಲಿಗೆ ಹೋಗಲಿಲ್ಲ. ಗೋಡೆಗೆ ಒರಗಿ, ತಲೆ ತಗ್ಗಿಸಿ ನಿಂತರು. ಪಾಸ್ಟರು ಉಪದೇಶದ ಪ್ರಸಂಗ ನಿಲ್ಲಿಸಿ, ಮುಂದೆ ಬನ್ನಿ ಟೀಚರ್ ಎಂದು ಕರೆದರು. ದೊಡ್ಡಮ್ಮ ಬೇಡವೆಂದು ಕೈ ಮುಗಿದರು. ಅವತ್ತಿನ ಪ್ರಸಂಗ ದೀನತೆಯ ಮೇಲೆಯೇ ಇತ್ತು. ಏನು ಪ್ರಯೋಜನ? ದೊಡ್ಡಮ್ಮನ ತಗ್ಗಿಸಿದ ತಲೆಯನ್ನು ಇಡೀ ಸಭೆ ಕತ್ತು ತಿರುಗಿಸಿಕೊಂಡು ನೋಡುತ್ತಿತ್ತು!

ಇನ್ನು ಅವರ ಸತ್ಯವೇದದ, ಅಂದರೆ ಬೈಬಲಿನ, ಕಥೆ. ದಿನಾ ಬೆಳಿಗ್ಗೆ ಐದು ಅಧ್ಯಾಯ ಓದುವುದು ಅವರ ವ್ರತ. ಓದುವಾಗ ಕೈಯಲ್ಲಿ ಚೂಪು ಮಾಡಿದ ಪೆನ್ಸಿಲ್. ವಾಕ್ಯಗಳನ್ನು ಗುರುತು ಮಾಡಿಕೊಳ್ಳುತ್ತಾರೇನೋ ಎಂದು ನಾನು ಬಹಳ ಕಾಲ ಭಾವಿಸಿದ್ದೆ. ಒಮ್ಮೆ ಯಾವುದಕ್ಕೋ ಆ ಪುಸ್ತಕ ತೆಗೆದು ನೋಡುತ್ತೇನೆ, ಅಂಚಿನ ತುಂಬಾ ಹೆಸರುಗಳ ಮೊದಲಕ್ಷರಗಳು! ಯಾವ ವಾಕ್ಯ ಯಾರಿಗೆ ಸಲ್ಲುತ್ತದೋ ಅವರ ಅಕ್ಷರ ಅದರ ಪಕ್ಕದಲ್ಲಿ. ಇರುವೆಯನ್ನು ನೋಡಿ ಬುದ್ಧಿ ಕಲಿ ಎಂದು ಸೋಮಾರಿಗೆ ಹೇಳುವ ಕಡೆ ನಾನಿದ್ದೆ. ಜಗಳಗಂಟಿ ಹೆಂಡತಿಯನ್ನು ಮಳೆಗೆ ಸೋರುವ ಮನೆಯ ಮಾಡಿಗೆ ಹೋಲಿಸುವ ಕಡೆ ನನ್ನ ಹೆಂಡತಿಯಿದ್ದಳು. ಮನೆಗೆ ಬಂದು ನನ್ನದನ್ನು ಮಾತ್ರ ಹೇಳಿದೆ. ನಾನು ಸೋಮಾರಿಯಿರಬಹುದು, ದಡ್ಡನಂತೂ ಅಲ್ಲ.

ಇದೆಂಥದ್ದು ಎಂದು ದೊಡ್ಡಮ್ಮನನ್ನೇ ಕೇಳಿದಾಗ ಅವರಿಗೆ ಒಂದಿಷ್ಟೂ ಸಂಕೋಚವಾಗಲಿಲ್ಲ. ದೇವರ ವಾಕ್ಯ ಎಂದರೆ ಕನ್ನಡಿ, ಮನುಷ್ಯನ ಒಳಗಿರುವುದನ್ನೆಲ್ಲ ತೋರಿಸಿಬಿಡುತ್ತದೆ ಎಂದರು. ಮಾತು ಸರಿಯೇ. ಆದರೆ ಆ ಕನ್ನಡಿಯನ್ನು ಸದಾ ನಮ್ಮ ಕಡೆ ತಿರುಗಿಸಿ ಹಿಡಿದಿದ್ದ ಅವರಿಗೆ ಅದರ ಹಿಂಬದಿ ಮಾತ್ರ ಕಂಡಿತ್ತು ಎಂದು ನನಗೆ ಹೊಳೆಯಿತು. ಹೇಳಲಿಲ್ಲ. ಹೇಳಿದ್ದರೆ ಇನ್ನೊಂದು ವಾಕ್ಯದ ಪಕ್ಕ ನನ್ನ ಅಕ್ಷರ ಬೀಳುತ್ತಿತ್ತು.

ಹೀಗಿರುವಾಗ ಹೋದ ಜನವರಿಯಲ್ಲಿ ಚಿಕ್ಕಮಗಳೂರಿನಲ್ಲಿ ಅವರ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಒಂದು ತಿಂಗಳು ಓದಬಾರದು, ಬಗ್ಗಬಾರದು, ಧೂಳಿಗೆ ಹೋಗಬಾರದು ಎಂದು ಡಾಕ್ಟರು ಹೇಳಿ ಕಪ್ಪು ಕನ್ನಡಕ ಹಾಕಿ ಕಳಿಸಿದರು. ಓದದೆ ದೊಡ್ಡಮ್ಮ ಬದುಕುವುದು ಹೇಗೆ? ಹೈಸ್ಕೂಲಿನಲ್ಲಿ ಮೇಷ್ಟ್ರಾಗಿರುವ ನನ್ನ ಮೇಲೆ ಆ ಕೆಲಸ ಬಿತ್ತು. ಸಂಜೆ ಶಾಲೆಯಿಂದ ಬಂದು ಅವರೆದುರು ಕೂತು ಐದು ಅಧ್ಯಾಯ ಓದಬೇಕು. ಉಚ್ಚಾರ ತಪ್ಪಿದರೆ ತಿದ್ದುತ್ತಾರೆ. ಬೇಗ ಓದಿದರೆ ಗದರುತ್ತಾರೆ. ಅಂಚಿನಲ್ಲಿರುವ ಅಕ್ಷರಗಳನ್ನೂ ನಾನು ಗಂಭೀರವಾಗಿ ಓದಿಬಿಡುತ್ತಿದ್ದೆ. ಅವರು ಹೌದು ಹೌದು ಎಂದು ತಲೆದೂಗುತ್ತಿದ್ದರು.

ಒಂದು ಸಂಜೆ ಆ ಅರಸನ ಕಥೆ ಬಂತು. ತನ್ನ ಸೈನಿಕನನ್ನು ಕೊಲ್ಲಿಸಿ ಅವನ ಹೆಂಡತಿಯನ್ನು ತನ್ನವಳನ್ನಾಗಿ ಮಾಡಿಕೊಂಡ ಅರಸ. ಅವನ ಬಳಿ ಪ್ರವಾದಿಯೊಬ್ಬ ಬಂದು ಒಂದು ಸಂಗತಿ ಹೇಳುತ್ತಾನೆ. ಹಿಂಡು ಹಿಂಡು ಕುರಿಯಿದ್ದ ಸಾಹುಕಾರನೊಬ್ಬ, ಮನೆಗೆ ಬಂದ ಅತಿಥಿಗೆ ಅಡುಗೆ ಮಾಡಿಸಲು ಪಕ್ಕದ ಬಡವನ ಒಂದೇ ಒಂದು ಕುರಿಮರಿಯನ್ನು ಕಿತ್ತುಕೊಂಡ. ಬಡವ ಅದನ್ನು ಮಗಳ ಹಾಗೆ ಸಾಕಿದ್ದ. ದೊಡ್ಡಮ್ಮ ಈ ಕಥೆಯನ್ನು ಮಕ್ಕಳಿಗೆ ನೂರು ಸಲ ಹೇಳಿದವರು. ಆದರೂ ರೂಢಿಯಂತೆ, ಅಷ್ಟೆಲ್ಲ ಇದ್ದೂ ಅವನಿಗೆ ಆ ಒಂದು ಮರಿ ಬೇಕಾಯ್ತಾ, ಎಂಥ ಮನುಷ್ಯ ಎಂದು ಗೊಣಗಿದರು. ಅರಸನೂ ಹಾಗೆಯೇ ಸಿಟ್ಟಾಗುತ್ತಾನೆ. ಆಗ ಪ್ರವಾದಿ, ಆ ಮನುಷ್ಯ ನೀನೇ ಎನ್ನುತ್ತಾನೆ. ನಾನು ಅಷ್ಟು ಓದಿ ಪುಟ ತಿರುಗಿಸುವವನಿದ್ದೆ.

“ಅಲ್ಲಿ ಯಾರ ಹೆಸರು ಬರೆದಿದೀನಿ?” ಎಂದರು ದೊಡ್ಡಮ್ಮ.

“ಯಾರದ್ದೂ ಇಲ್ಲ.”

“ಸರಿಯಾಗಿ ನೋಡು ಮಾರಾಯ.”

“ನೋಡ್ದೆ ದೊಡ್ಡಮ್ಮ. ಖಾಲಿ ಇದೆ.”

ಇನ್ನೊಂದು ಸಲ ಓದು ಎಂದರು. ಓದಿದೆ. ಮತ್ತೊಂದು ಸಲ ಎಂದರು. ಮೂರನೆಯ ಸಲ ಅರ್ಧದಲ್ಲೇ ಕೈ ಎತ್ತಿ ಸಾಕೆಂದರು. ಕಣ್ಣು ನೋಯುತ್ತಿದೆಯೇನೋ ಎಂದುಕೊಂಡು ನಾನು ಎದ್ದು ಬಂದೆ.

ಮರುದಿನ ಓದುವುದು ಬೇಡ ಎಂದರು. ಅದರ ಮರುದಿನವೂ ಬೇಡ ಎಂದರು. ಬುಧವಾರದ ಪ್ರಾರ್ಥನೆಗೂ ಹೋಗಲಿಲ್ಲ. ಊರಿನವರಿಗೆ ಒಂದು ವಾರ ನೆಮ್ಮದಿ ಸಿಕ್ಕಿರಬೇಕು. ಆದರೆ ಗೋಡೆಯ ಆ ಕಡೆ ಸದ್ದೇ ಇಲ್ಲದ್ದು ನನ್ನ ಹೆಂಡತಿಗೆ ಹೆದರಿಕೆ ಹುಟ್ಟಿಸಿತು. ನಾಲ್ಕನೆಯ ದಿನ ದೊಡ್ಡಮ್ಮನೇ ನನ್ನನ್ನು ಕರೆದು ಕೂರಿಸಿಕೊಂಡು, ಕಪ್ಪು ಕನ್ನಡಕದ ಹಿಂದಿನಿಂದ, ಪಾಠ ಒಪ್ಪಿಸುವ ಮಗುವಿನ ದನಿಯಲ್ಲಿ ಒಂದು ಸಂಗತಿ ಹೇಳಿದರು.

ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಆಗ ಚರ್ಚಿನಲ್ಲಿ ಹಾಡಿಸುವವರು ದೊಡ್ಡಮ್ಮ. ಕಾಫಿ ಎಸ್ಟೇಟಿನ ಲೈನ್ ಮನೆಗಳಿಂದ ಸುಗುಣ ಎಂಬ ಹುಡುಗಿ, ಕೂಲಿಯವರ ಮಗಳು, ಭಾನುವಾರ ಎಸ್ಟೇಟ್ ಜೀಪಿನಲ್ಲಿ ಬರುತ್ತಿದ್ದಳು. ಓದು ಅಷ್ಟಕ್ಕಷ್ಟೆ, ಉಡುವುದಕ್ಕೆ ಎರಡು ಸೀರೆ. ಆದರೆ ಹಾಡಿದರೆ ಚರ್ಚಿನ ಹೊರಗೆ ನಿಂತವರೂ ಸುಮ್ಮನಾಗುತ್ತಿದ್ದರು. ಒಂದು ಕ್ರಿಸ್ಮಸ್ಸಿಗೆ ಬಂದಿದ್ದ ದೊಡ್ಡ ಪಾಸ್ಟರೊಬ್ಬರು, ಹಾಡಿಸಿದವರನ್ನು ಬಿಟ್ಟು ಹಾಡಿದ ಹುಡುಗಿಯನ್ನು ಹೊಗಳಿದರು. ಮುಂದಿನ ವಾರವೇ ದೊಡ್ಡಮ್ಮ ಹೊಸ ನಿಯಮ ತಂದರು. ಬೆಳಿಗ್ಗೆ ಸರಿಯಾಗಿ ಎಂಟಕ್ಕೆ ಅಭ್ಯಾಸ, ತಡವಾಗಿ ಬಂದವರು ಹಾಡುವಂತಿಲ್ಲ, ನಿಯಮ ಎಲ್ಲರಿಗೂ ಒಂದೇ. ಎಸ್ಟೇಟಿನ ಜೀಪು ಎಂಟೂವರೆಗೆ ಮುಂಚೆ ಊರು ಮುಟ್ಟುತ್ತಿರಲಿಲ್ಲ. ಎರಡು ತಿಂಗಳಲ್ಲಿ ಸುಗುಣ ಬರುವುದನ್ನೇ ಬಿಟ್ಟಳು. ಶಿಸ್ತಿಲ್ಲದ ಹುಡುಗಿ ಎಂದು ದೊಡ್ಡಮ್ಮ ಎಲ್ಲರಿಗೂ ಹೇಳಿದರು.

“ಬರೀ ಹೇಳಿದ್ದಲ್ಲ ಮಾರಾಯ, ನಾನು ಅದನ್ನ ನಂಬಿಯೂ ಬಿಟ್ಟಿದ್ದೆ. ಅವಳ ಹತ್ರ ಇದ್ದಿದ್ದು ಆ ಹಾಡೊಂದೇ” ಎಂದರು.

ಸುಗುಣ ಈಗ ಕಳಸದಿಂದಾಚೆ ಸಂಸೆಯ ದಾರಿಯಲ್ಲಿ, ಸಣ್ಣದೊಂದು ತೋಟದಲ್ಲಿ ಕೆಲಸಕ್ಕಿದ್ದಾಳೆಂದು ಪಾಸ್ಟರಿಂದ ತಿಳಿಯಿತು. ಡಾಕ್ಟರು ಬೇಡ ಎಂದಿದ್ದಾರೆ, ಕಣ್ಣು ವಾಸಿಯಾದ ಮೇಲೆ ಹೋಗೋಣ ಎಂದು ನಾನು ಬೇಡಿಕೊಂಡೆ. ಕೇಳುವವರಾ! ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಕೂಡಲೇ ಬಸ್ ಹತ್ತಿದೆವು.

ಕೊಟ್ಟಿಗೆಹಾರ ದಾಟುವಷ್ಟರಲ್ಲಿ ದೊಡ್ಡಮ್ಮನ ತುಟಿ ಅಲ್ಲಾಡತೊಡಗಿತು. ಪ್ರಾರ್ಥನೆ ಎಂದುಕೊಂಡೆ. ಕಿವಿಗೊಟ್ಟರೆ ಕ್ಷಮೆ ಕೇಳುವ ಭಾಷಣ! ಅದಕ್ಕೊಂದು ಪೀಠಿಕೆ, ಮೂರು ಅಂಶ, ಕೊನೆಗೆ ಉಪಸಂಹಾರ. ಎರಡನೆಯ ಅಂಶ ಜಾಸ್ತಿ ಉದ್ದವಾಯಿತಾ ಎಂದು ನನ್ನನ್ನೇ ಕೇಳಿದರು. ಇಡೀ ಜಿಲ್ಲೆಯಲ್ಲಿ ಇಷ್ಟು ಚೆನ್ನಾಗಿ ಪಶ್ಚಾತ್ತಾಪಪಟ್ಟವರು ಇನ್ನೊಬ್ಬರಿರಬಾರದು, ಅಷ್ಟೇ. ನಾನು ಮುಖ ತಿರುಗಿಸಿ ನಕ್ಕೆ. ನಕ್ಕಿದ್ದು ಅವರಿಗೆ ಗೊತ್ತಾಯಿತು. “ಇದೂ ನನ್ನ ನೋಡಲಿ ಅನ್ನೋ ಅದೇ ಆಸೆ ಅಲ್ವಾ?” ಎಂದರು. ಕಳಸದವರೆಗೆ ಮತ್ತೆ ಅವರ ತುಟಿ ಅಲ್ಲಾಡಲಿಲ್ಲ.

ಕಳಸದಿಂದ ಜೀಪು ಮಾಡಿಕೊಂಡು ತೋಟ ಹುಡುಕಿದೆವು. ಕಣದ ತುಂಬ ಕಾಫಿ ಹಣ್ಣು ಹರಡಿತ್ತು. ನಡುವಯಸ್ಸಿನ ಹೆಂಗಸೊಬ್ಬಳು ತಲೆಗೆ ಟವೆಲ್ ಕಟ್ಟಿಕೊಂಡು, ಹಣ್ಣು ಸಮನಾಗಿ ಒಣಗಲೆಂದು ಉದ್ದ ಹಿಡಿಯ, ಹಲ್ಲಿರುವ ಹಲುಬೆಯಿಂದ ಎಳೆಯುತ್ತಿದ್ದಳು. ಹತ್ತಿರ ಹೋದಾಗ ತಿರುಗಿ ನೋಡಿದಳು. ದೊಡ್ಡಮ್ಮನಿಗೆ ಕಪ್ಪು ಕನ್ನಡಕವಿದ್ದರೂ ಅವಳಿಗೆ ಗುರುತು ಹತ್ತಿತು. ಟವೆಲ್ ಬಿಚ್ಚಿ ಕೈ ಒರೆಸಿಕೊಂಡು, ಟೀಚರ್ ಎಂದಳು. ಒಳಗೆ ಹೋಗಿ ಕುರ್ಚಿ ತಂದಿಟ್ಟಳು. ದೊಡ್ಡಮ್ಮ ಕೂರಲಿಲ್ಲ.

“ಸುಗುಣಾ, ಜೀಪು ಎಂಟೂವರೆಗೆ ಮುಂಚೆ ಬರಲ್ಲ ಅಂತ ನಂಗೆ ಗೊತ್ತಿತ್ತು.”

ಅಷ್ಟೇ. ಪೀಠಿಕೆಯೂ ಇಲ್ಲ, ಅಂಶಗಳೂ ಇಲ್ಲ.

ಸುಗುಣ ಕಾಲ ಬಳಿ ಉರುಳಿದ್ದ ನಾಲ್ಕು ಹಣ್ಣುಗಳನ್ನು ಹೆಕ್ಕಿ ಕಣಕ್ಕೆ ಹಾಕಿದಳು. ಆಮೇಲೆ ಹೇಳಿದಳು, “ನಿಮಗೆ ಗೊತ್ತಿತ್ತು ಅಂತ ನಂಗೂ ಗೊತ್ತಿತ್ತು ಟೀಚರ್. ಒಂದು ಭಾನುವಾರ ಕತ್ತಲೆಗೇ ಎದ್ದು ನಡ್ಕೊಂಡೇ ಬಂದಿದ್ದೆ. ಮುಟ್ಟುವಾಗ ಎಂಟು ಗಂಟೆ ಹತ್ತು ನಿಮಿಷ ಆಗಿತ್ತು. ನೀವು ಗಡಿಯಾರ ತೋರಿಸಿದ್ರಿ.”

ಇದನ್ನು ದೊಡ್ಡಮ್ಮ ನನಗೆ ಹೇಳಿರಲಿಲ್ಲ. ನೆನಪಿತ್ತೋ ಇಲ್ಲವೋ ತಿಳಿಯದು. ಅವರ ಬಾಯಿಂದ ಒಂದು ಕಾರಣ ಬರಬಹುದು ಎಂದು ಕಾದೆ. ಹೌದು ಎಂದರು. ಇನ್ನೊಮ್ಮೆ ಹೌದು ಎಂದರು. ಆಮೇಲೆ ಕುರ್ಚಿಯಲ್ಲಿ ಕುಳಿತರು.

ಪರವಾಗಿಲ್ಲ ಎಂದು ಸುಗುಣ ಹೇಳಲಿಲ್ಲ. ಕಣ್ಣಿಗೆ ಏನಾಗಿದೆ, ಯಾವಾಗ ಆಪರೇಷನ್ ಆಯಿತು ಎಂದು ವಿಚಾರಿಸಿದಳು. ಧೂಳು ತಾಗದ ಹಾಗೆ ಕುರ್ಚಿಯನ್ನು ತಾನೇ ಎಳೆದು ಜಗಲಿಯ ಒಳಗೆ ಹಾಕಿಕೊಟ್ಟಳು. ಬಿಸಿಲು ಇಳಿಯುವ ಮುಂಚೆ ಹಣ್ಣು ಮಗುಚಿ ಮುಗಿಸಬೇಕಿತ್ತು. ಅವಳು ಮತ್ತೆ ಕಣಕ್ಕಿಳಿದಳು.

ಈಗಲೂ ಹಾಡುತ್ತೀಯಾ ಎಂದು ದೊಡ್ಡಮ್ಮ ಅಲ್ಲಿಂದಲೇ ಕೇಳಿದರು. ಅವರ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಗಂಟಲು ಹೋಗಿದೆ ಟೀಚರ್, ಧೂಳು ಎಂದಳು ಅವಳು. ದೊಡ್ಡಮ್ಮ ಮತ್ತೆ ಒತ್ತಾಯಿಸಲಿಲ್ಲ. ಹಲುಬೆ ಅತ್ತ ಹೋಗಿ ಇತ್ತ ಬರುವ ಸದ್ದು ಮಾತ್ರ. ಐದು ನಿಮಿಷವಾಗಿರಬೇಕು, ಆ ಸದ್ದಿನೊಳಗಿಂದಲೇ ಸುಗುಣ ಹಾಡತೊಡಗಿದಳು. ಚರ್ಚಿನ ಹಳೆಯ ಕ್ರಿಸ್ಮಸ್ ಕೀರ್ತನೆ. ನಮ್ಮ ಕಡೆ ತಿರುಗಲಿಲ್ಲ. ಮೇಲಿನ ಸ್ವರಕ್ಕೆ ದನಿ ಒಡೆಯುತ್ತಿತ್ತು. ಎರಡನೆಯ ಚರಣದಲ್ಲಿ ಮೂರನೆಯದರ ಸಾಲು ಸೇರಿಸಿ ಹಾಡಿಬಿಟ್ಟಳು.

ನಾನು ಗಾಬರಿಯಾಗಿ ದೊಡ್ಡಮ್ಮನ ಮುಖ ನೋಡಿದೆ. ಪಾಸ್ಟರು ಒಂದು ಪದ ತಪ್ಪಿದರೂ ನಿಂತಲ್ಲೇ ತಿದ್ದುವವರು ಅವರು. ದೊಡ್ಡಮ್ಮ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಿದ್ದರು. ಅವರ ಬಾಯಿ ಮೆಲ್ಲಗೆ ತೆರೆಯಿತು. ಸುಗುಣಳಿಗಿಂತ ಅರ್ಧ ಮಾತ್ರೆ ಹಿಂದೆ ಉಳಿದು, ಅವಳು ಎಲ್ಲೆಲ್ಲಿ ತಪ್ಪಿದಳೋ ಅಲ್ಲೆಲ್ಲ ತಾವೂ ತಪ್ಪಿಯೇ ಹಾಡಿದರು.