ಸರ್ಕಾರ ಬಿದ್ದರೂ ಮೈಕ್ ಬೀಳಲಿಲ್ಲ

ಸರ್ಕಾರ ಬದಲಾದರೆ ಬೆಂಗಳೂರಿನಲ್ಲಿ ಎಂತೆಲ್ಲ ಆಗುತ್ತದೋ ನಾನು ಕಂಡವನಲ್ಲ. ತೆಕ್ಕಟ್ಟೆಯಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವ ನನಗೆ ಮಾತ್ರ ಪ್ರತಿ ಚುನಾವಣೆಯೂ ನಗುವುದಕ್ಕೆ ಏನಾದರೊಂದು ಕೊಟ್ಟೇ ಹೋಗುತ್ತದೆ. ಒಂದೇ ಚುನಾವಣೆಯ ಕೆಲವನ್ನು ಹೇಳುತ್ತೇನೆ.

ಬಾಡಿಗೆ ಬಾಯಿ

ಆ ಸಲ ಎರಡೂ ಪಕ್ಷದವರು ನನ್ನನ್ನೇ ಹಿಡಿದರು. ರಿಕ್ಷಾ ಅದೇ, ಮೈಕ್ ಅದೇ, ಕೂಗುವ ಗಂಟಲೂ ನನ್ನದೇ. ಬ್ಯಾನರ್ ಮಾತ್ರ ಬೇರೆ. ಬೆಳಿಗ್ಗೆ ಕುಂದಾಪುರದ ಮೀನು ಮಾರ್ಕೆಟ್ ಎದುರು, "ಅಭಿವೃದ್ಧಿಯ ಹೊಳೆಯನ್ನೇ ಹರಿಸಿದ ಸರ್ಕಾರ!" ಎಂದು ಕೂಗಿದೆ. ಮಧ್ಯಾಹ್ನ ಅಲ್ಲೇ ನಿಂತು, "ಈ ಸರ್ಕಾರದಿಂದ ಒಂದು ಹನಿಯೂ ಸಿಗಲಿಲ್ಲ!" ಎಂದೆ.

ಬಂಗುಡೆ ಮಾರುತ್ತಿದ್ದ ಹೆಂಗಸು ಕೈ ಅಡ್ಡ ಹಾಕಿದಳು. "ಹ್ವಾಯ್, ಬೆಳಿಗ್ಗೆ ಹೊಳಿ ಹರ್ಸದ್ದ್ ನೀವೇ ಅಲ್ದಾ? ಮಧ್ಯಾಹ್ನ ಆಪುದ್ರೊಳ್ಗ್ ಬತ್ತಿ ಹೋಯ್ತಾ?"

"ಅಕ್ಕ, ಬೆಳಿಗ್ಗೆ ಅವ್ರ ಬಾಡ್ಗಿ, ಈಗ್ಳ್ ಇವ್ರ ಬಾಡ್ಗಿ."

"ಅದನ್ ಮೊದ್ಲೇ ಹೇಳುಕ್ ಆಗ್ದಾ? ನಾನ್ ಎರಡೂ ಸಲ ನಂಬ್ದೆ!"

ಮೆರವಣಿಗೆ

ನಮ್ಮೂರಿನ ಲೀಡರು ಆಡಳಿತ ಪಕ್ಷದವರು. ಗೆಲುವಿನ ಮೇಲೆ ಎಷ್ಟು ಭರವಸೆಯೆಂದರೆ, ಎಣಿಕೆಗೆ ಮುಂಚೆಯೇ ವಿಜಯೋತ್ಸವಕ್ಕೆ ನನ್ನ ಮೈಕ್ ಬುಕ್ ಮಾಡಿದ್ದರು. ಎಣಿಕೆಯ ದಿನ ಮಧ್ಯಾಹ್ನದ ಹೊತ್ತಿಗೆ ಟೀವಿಯಲ್ಲಿ ಅವರ ಸರ್ಕಾರ ಮಕಾಡೆ ಮಲಗಿತ್ತು. ಬಾಡಿಗೆ ಹೋಯಿತಲ್ಲ ಎಂದು ನಾನು ವಯರು ಸುತ್ತುತ್ತಿದ್ದೆ. ಅಷ್ಟರಲ್ಲಿ ಲೀಡರೇ ಓಡಿ ಬಂದರು. ಕುತ್ತಿಗೆಯಲ್ಲಿ ಬೇರೆ ಬಣ್ಣದ ಶಾಲು.

"ವಯರ್ ಎಂತಕ್ ಸುತ್ತುದ್? ಮೆರವಣಿಗೆ ಇತ್ತ್ ಮಾರಾಯ್ರೆ!"

"ನೀವು ಪಕ್ಷ ಬಿಟ್ರ್ಯಾ?"

"ಛೆ! ನಾನ್ ಯಾವತ್ತಿದ್ರೂ ಆಡಳಿತ ಪಕ್ಷವೇ. ಸರ್ಕಾರವೇ ಬದಲಾದ್ರೆ ನಾನ್ ಎಂತ ಮಾಡುದ್?"

ಫೋಟೊ

ಹೊಸ ಮಂತ್ರಿಗಳ ಸಭೆಗೆ ಅನುಮತಿ ಕೇಳಲು ಬ್ರಹ್ಮಾವರದ ಒಂದು ಆಫೀಸಿಗೆ ಹೋಗಿದ್ದೆ. ಗುಮಾಸ್ತರು ಸ್ಟೂಲು ಹತ್ತಿ, ಮಾಜಿಯಾದ ಮುಖ್ಯಮಂತ್ರಿಗಳ ಫೋಟೊ ಇಳಿಸಿ, ಧೂಳು ಒರೆಸಿ, ಪೇಪರಿನಲ್ಲಿ ಸುತ್ತುತ್ತಿದ್ದರು.

"ಎಷ್ಟ್ ಗೌರವ ನಿಮ್ಗ್!" ಎಂದೆ.

"ಗೌರವ ಅಲ್ಲ ಮಾರಾಯ್ರೆ. ಹೋದ ಸಲ ಇಳಿಸಿದ್ದನ್ನ ಗುಜರಿಗ್ ಹಾಕಿದ್ದೆ. ಈ ಸಲ ಅವ್ರೇ ವಾಪಸ್ ಬಂದಿರ್!"

ಕಳಪೆ ಕಾಮಗಾರಿ

ಆ ಮಂತ್ರಿಗಳು ಬಂದದ್ದು ನಮ್ಮೂರ ಬಸ್ ಶೆಲ್ಟರಿನ ಉದ್ಘಾಟನೆಗೆ. ಕಟ್ಟಿಸಿದ್ದು ಹಳೆಯ ಸರ್ಕಾರ. ಒಂದು ಮಳೆ ಬಿದ್ದದ್ದೇ, ರಸ್ತೆಗಿಂತ ಹೆಚ್ಚು ನೀರು ಶೆಲ್ಟರಿನೊಳಗೇ ನಿಂತಿತ್ತು. ಕಂಟ್ರಾಕ್ಟರು ನಮ್ಮ ಲೀಡರೇ. ಅದು ಊರಿಗೆಲ್ಲ ಗೊತ್ತು, ಮಂತ್ರಿಗಳಿಗೆ ಗೊತ್ತಿಲ್ಲ.

ಲೀಡರು ಮಂತ್ರಿಗಳಿಗೆ ಮೊಣಕಾಲು ತಾಗುವಷ್ಟು ಉದ್ದದ ಹಾರ ಹಾಕಿ ಪಕ್ಕದಲ್ಲೇ ನಿಂತರು. ಮಂತ್ರಿಗಳು ಮೇಲೆ ನೋಡಿದರು. ಹಣೆಗೆ ಒಂದು ಹನಿ ಬಿತ್ತು. ಸಿಟ್ಟು ನೆತ್ತಿಗೇರಿತು. ನನ್ನ ಮೈಕ್ ಹಿಡಿದು ಗುಡುಗಿದರು: "ಈ ಕಳಪೆ ಕೆಲಸ ಮಾಡಿದ ಕಂಟ್ರಾಕ್ಟರ್ ಯಾರು? ಹೆದರಬೇಡಿ, ಹೇಳಿ!"

ಲೀಡರು ಒಂದು ಹೆಜ್ಜೆ ಹಿಂದೆ ಸರಿದರು. ಬಾರ್ಕೂರು ಬಸ್ಸಿಗೆ ಕಾಯುತ್ತಿದ್ದ ಒಬ್ಬ ಅಜ್ಜಿ ಹಿಂದಿನಿಂದ ಕೂಗಿದರು: "ಈಗ್ಳ್ ನಿಮ್ಗ್ ಹಾರ ಹಾಕ್ದವ್ರೇ!"

ಮಂತ್ರಿಗಳು ಲೀಡರತ್ತ ತಿರುಗಿದರು. ಇವರ ಕಥೆ ಮುಗಿಯಿತು ಎಂದುಕೊಂಡೆ ನಾನು. ಲೀಡರು ಮಾತ್ರ ಮೆಲ್ಲಗೆ ಮೈಕಿನತ್ತ ಬಾಗಿ, ಗದ್ಗದ ಕಂಠದಲ್ಲಿ ಹೇಳಿದರು:

"ಹೌದು ಸ್ವಾಮಿ! ಹಿಂದಿನ ಸರ್ಕಾರ ನನ್ನಂಥ ಪ್ರಾಮಾಣಿಕನ ಕೈಯಲ್ಲೂ ಇಂಥಾ ಕೆಲಸ ಮಾಡಿಸಿತು ಅಂದರೆ, ಅದು ಎಷ್ಟು ಭ್ರಷ್ಟ ಇದ್ದಿರಬೇಕು, ನೀವೇ ಯೋಚಿಸಿ!"

ಮಂತ್ರಿಗಳು ಲೀಡರನ್ನು ತಬ್ಬಿಕೊಂಡರು. ರಿಪೇರಿಯ ಕಂಟ್ರಾಕ್ಟೂ ಅವರಿಗೇ ಸಿಕ್ಕಿತು.