ಯಾವುದಾದರೂ ಎರಡು ತಂತಿ

ಅಮಾವಾಸ್ಯೆಯ ದಿನ ಮನೆಯ ಗಾಡಿಗಳನ್ನೆಲ್ಲ ತೊಳೆದು ಪೂಜೆ ಮಾಡುವುದು ಮಲಪನಗುಡಿಯಲ್ಲಿ ರೂಢಿ. ಆ ಸಲ ಗಂಗಾಂಬಿಕಾ ಕರೆಂಟ್ ಸೈಕಲ್ಲಿನ ಮುಂದೆ ಕಾಯಿ ಒಡೆದು, ಭಕ್ತಿ ತುಸು ಹೆಚ್ಚಾಗಿ, ಕಾಯಿನೀರನ್ನು ಸೀಟಿನ ಕೆಳಗಿನ ಪೆಟ್ಟಿಗೆಗೂ ಅಭಿಷೇಕ ಮಾಡಿಬಿಟ್ಟರು. ಪೆಟ್ಟಿಗೆಯಲ್ಲಿದ್ದದ್ದು ಕಂಟ್ರೋಲರ್, ಬ್ಯಾಟರಿಯ ಕರೆಂಟನ್ನು ಅಳೆದು ಹಿಂದಿನ ಚಕ್ರದೊಳಗಿನ ಮೋಟರಿಗೆ ಬಡಿಸುವ ಯಂತ್ರ. ಅದು ಒಮ್ಮೆ ಸೀನಿ ಶಿವನ ಪಾದ ಸೇರಿತು.

ಸೈಕಲ್ಲಿನ ಒಡೆಯರು ಆಕೆಯ ಯಜಮಾನರಾದ ಕೊಟ್ರಬಸಪ್ಪನವರು. ಸಂಡೂರಿನ ಗಣಿಯೊಂದರ ವೇಬ್ರಿಜ್ಜಿನಲ್ಲಿ ಮೂವತ್ತು ವರ್ಷ ಅದಿರಿನ ಲಾರಿ ತೂಗಿ ನಿವೃತ್ತರಾದವರು. ಮಂಡಿ ಸವೆದಿದ್ದರಿಂದ ಪೆಡಲ್ ತುಳಿಯಕೂಡದೆಂದು ಡಾಕ್ಟರು ಹೇಳಿದ್ದರು. ಸಂಜೆ ಐದೂವರೆಗೆ ಹೊಸಪೇಟೆಯ ಚಹಾದಂಗಡಿಯಲ್ಲಿ ಗೆಳೆಯರ ಬೈಠಕ್. ಅಲ್ಲಿಗೆ ಯಾರ ಹಂಗೂ ಇಲ್ಲದೆ ಮುಟ್ಟಿಸುತ್ತಿದ್ದದ್ದು ಈ ಸೈಕಲ್ಲೊಂದೇ. ಸೊಸೆಯ ಸ್ಕೂಟರಿನ ಹಿಂದೆ ಕೂತು ಬರುವ ರಾಯಣ್ಣನಿಗೆ ‘ಪಾರ್ಸಲ್’ ಎಂದು ಹೆಸರಿಟ್ಟವರು ಸ್ವತಃ ಕೊಟ್ರಬಸಪ್ಪನವರೇ.

“ಇವತ್ತು ಸಂಜಿ ಐದರ ತನಕ ನೋಡ್ತೀನಿ,” ಎಂದರು ಗಂಗಾಂಬಿಕಾ ಮರುದಿನ ಬೆಳಿಗ್ಗೆ. “ಓಡಿದ್ರ ಓಡ್ತು. ಇಲ್ಲಂದ್ರ ಸೈಕಲ್ ಗುಜರಿಗೆ, ನೀವು ನನ್ನ ಸ್ಕೂಟರ್ ಹಿಂದ.”

ಕೊಟ್ರಬಸಪ್ಪ ತಿಂಡಿ ಬಿಟ್ಟು ಹೊಸಪೇಟೆಗೆ ಆಟೋ ಹತ್ತಿದರು.

ಬಿಡಿಭಾಗದ ಅಂಗಡಿಯ ಮನೋಹರ್ ಬೀಗರನ್ನು ವಿಚಾರಿಸಿದಂತೆ ವಿಚಾರಿಸಿದ. “ಮೋಟರ್ ಎಷ್ಟು ವೋಲ್ಟ್ ರಿ? ಎಷ್ಟು ವ್ಯಾಟ್?”

“ಚಕ್ರ ಐದೂವರಿ ಕೆಜಿ ಐತಿ,” ಎಂದರು ಕೊಟ್ರಬಸಪ್ಪ, ತಮಗೆ ಖಚಿತವಾಗಿ ಗೊತ್ತಿದ್ದ ಒಂದೇ ಅಂಕಿಯನ್ನು ಒಪ್ಪಿಸುತ್ತ.

“ತೂಕ ತಗಂಡು ನಾ ಏನ್ ಮಾಡ್ಲಿ ರಿ? ಫೋಟೊ ತೋರಿಸ್ರಿ.”

ಫೋನಿನಲ್ಲಿದ್ದ ಚಕ್ರದ ಫೋಟೊದಲ್ಲಿ ಮೂವತ್ತಾರು ವೋಲ್ಟ್, ಇನ್ನೂರೈವತ್ತು ವ್ಯಾಟ್ ಎಂದು ಕಂಡಿತು. ಮನೋಹರ್ ಅದಕ್ಕೆ ಒಪ್ಪುವ ಹೊಸ ಕಂಟ್ರೋಲರ್ ಡಬ್ಬಿಯೊಂದನ್ನು ಹುಡುಕಿ ತೆಗೆದ. “ಮೋಟರಿಗೆ ಹೋಗೋವು ದಪ್ಪನವು ಮೂರೇ ತಂತಿ. ಹಳದಿ, ಹಸರು, ನೀಲಿ. ಬಣ್ಣಕ್ಕ ಬಣ್ಣ ಕೊಡ್ರಿ. ಒಂದೊಂದು ಕಂಪನಿ ಬಣ್ಣ ಒಂದೊಂದು ನಮೂನಿ, ಚಕ್ರ ಉಲ್ಟಾ ತಿರುಗಿದ್ರೂ ತಿರುಗೀತು. ಗಾಬರಿ ಬ್ಯಾಡ. ಯಾವುದಾದ್ರೂ ಎರಡು ಅದ್ಲು ಬದ್ಲು ಮಾಡ್ರಿ, ಮುಂದಕ್ಕ ಹೋಗ್ತತಿ.”

“ಯಾವ ಎರಡು?”

“ಯಾವುದಾದ್ರೂ ಎರಡು.”

“ಹಂಗಲ್ಲಪಾ, ಇಂಥವೇ ಅಂತ ಹೇಳು.”

“ಯಾವುದಾದ್ರೂ ರಿ ಯಪ್ಪಾ!”

ಲಾರಿಯಲ್ಲಿ ಹತ್ತು ಕೆಜಿ ಹೆಚ್ಚುಕಡಿಮೆಯಾದರೆ ನಿದ್ದೆ ಬಾರದ ಮನುಷ್ಯರಿಗೆ ಈ ‘ಯಾವುದಾದರೂ’ ಬಿಸಿ ತುತ್ತಿನಂತೆ ಗಂಟಲಲ್ಲೇ ಕೂತಿತು.

ಮನೆಗೆ ಬಂದು ಬಣ್ಣಕ್ಕೆ ಬಣ್ಣ ಜೋಡಿಸಿದರು. ಓಣಿಯಲ್ಲಿ ಸೈಕಲ್ ಹತ್ತಿ ಹ್ಯಾಂಡಲಿನ ವೇಗದ ಹಿಡಿ ತಿರುವಿದರು. ಸೈಕಲ್ ಬಹಳ ವಿನಯದಿಂದ ಹಿಂದಕ್ಕೆ ಹೊರಟಿತು. ಪೆಡಲುಗಳೂ ತಾವಾಗಿಯೇ ಹಿಂದಕ್ಕೆ ತಿರುಗುತ್ತ ಸುತ್ತಿಗೊಂದರಂತೆ ಮೀನಖಂಡಕ್ಕೆ ಬಾರಿಸಿದವು. ಬ್ರೇಕು ನೆನಪಾಗುವಷ್ಟರಲ್ಲಿ ಪಕ್ಕದ ಮನೆಯ ಉಚ್ಚೆಂಗಮ್ಮ ಸೀರೆಯ ಮೇಲೆ ಒಣಹಾಕಿದ್ದ ಸಂಡಿಗೆ ಬಂದಿತ್ತು.

“ಏ ಕೊಟ್ರಪ್ಪಾ, ಬೆನ್ನಾಗ ಕಣ್ಣು ಬಂದಾವೇನಪಾ ನಿನಗ?” ಎಂದು ಉಚ್ಚೆಂಗಮ್ಮ ಕೂಗಿದಳು.

ಕೊಟ್ರಬಸಪ್ಪ ಹಳದಿ, ಹಸಿರು ಬದಲಿಸಿ, ಮೇಲೆ ಟೇಪು ಸುತ್ತಿ, ಊಟಕ್ಕೆ ಒಳಗೆ ಹೋದರು.

ಇಲ್ಲಿ ಊರಿನ ವಿಷಯ ಒಂದು ಮಾತು ಹೇಳಬೇಕು. ಮಲಪನಗುಡಿಯಲ್ಲಿ ಮನೆಗೊಂದು ಹೊಲ, ಹೊಲಕ್ಕೊಂದು ಬೋರು. ಪಂಪು ಉಲ್ಟಾ ತಿರುಗಿದರೆ ಮೂರು ಫೇಸಿನಲ್ಲಿ ಎರಡನ್ನು ಅದಲುಬದಲು ಮಾಡಬೇಕೆಂಬ ವಿದ್ಯೆ ಅಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿದ್ದವರು ಕೈಕಟ್ಟಿ ಕೂರುವುದು ಕಷ್ಟ. ಎದುರು ಮನೆಯ ಬಾಳೆತೋಟದ ಅಂಜಿನಯ್ಯ ಬಂದು ಸೈಕಲ್ ನೋಡಿ, ‘ಪಾಪ, ವಯಸ್ಸಾದವರು’ ಎಂದು ಮರುಗಿ, ಎರಡು ತಂತಿ ಬದಲಿಸಿ, ಟೇಪನ್ನು ಮೊದಲಿನಂತೆಯೇ ಸುತ್ತಿ, ಹೇಳದೆ ಹೋದ.

ಉಂಡು ಬಂದ ಕೊಟ್ರಬಸಪ್ಪ ಹಿಡಿ ತಿರುವಿದರು. ಮತ್ತೆ ಹಿಂದಕ್ಕೆ. ಮತ್ತೆ ಸಂಡಿಗೆ.

“ಎರಡು ಬದ್ಲು ಮಾಡೀನೋ ಮಾರಾಯಾ, ನನ್ನ ಕೈಯಾರ!” ಎಂದು ಮನೋಹರನಿಗೆ ಫೋನಿನಲ್ಲಿ ಅರಚಿದರು.

“ಇನ್ನೊಂದ್ಸಲ ಮಾಡ್ರಿ,” ಎಂದ ಅವನು, ಬಾಯಲ್ಲಿ ಇಡ್ಲಿಯೋ ಏನೋ ಇತ್ತು.

ಮಾಡಿದರು. ಮಾಡಿ, ಉಚ್ಚೆಂಗಮ್ಮನನ್ನು ಸಮಾಧಾನಪಡಿಸಲು ಹೋದರು. ಅಷ್ಟರಲ್ಲಿ ಪಂಪು ರಿವೈಂಡಿಂಗ್ ಮಾಡುವ ಹನುಮೇಶ್ ಆ ದಾರಿಯಾಗಿ ಬಂದ. ಅವನಿಗಂತೂ ಅದು ಹೊಟ್ಟೆಪಾಡಿನ ವಿದ್ಯೆ.

ಮೂರನೆಯ ಸಲವೂ ಸೈಕಲ್ ಹಿಂದಕ್ಕೇ ಓಡಿದಾಗ ಓಣಿ ನೆರೆಯಿತು.

“ಇದೇನ್ರೀ, ಊಟದ ಹೊತ್ತಿಗೆ ನಾ ಸರಿ ಮಾಡಿದ್ನಲ್ಲ!” ಎಂದ ಅಂಜಿನಯ್ಯ.

“ನೀ ಮಾಡಿದ್ಯಾ? ಈಗ ನಾನೂ ಮಾಡಿದ್ನಲ್ಲಲೇ!” ಎಂದ ಹನುಮೇಶ್.

ಕೊಟ್ರಬಸಪ್ಪ ಕಣ್ಣು ಮುಚ್ಚಿದರು. ಅದುವರೆಗೆ ಕಸದ ಗುಡ್ಡೆಯಂತಿದ್ದ ತಲೆಯಲ್ಲಿ ವೇಬ್ರಿಜ್ಜಿನ ಮುಳ್ಳು ಮೆಲ್ಲಗೆ ನೆಟ್ಟಗೆ ನಿಂತಿತು. ತಮ್ಮದು ಎರಡು, ಇವರದು ಎರಡು. ಸಮಸಂಖ್ಯೆ, ಹಾಗಾಗಿ ಬೆಳಗಿನ ಹಿಮ್ಮುಖವೇ ಉಳಿದಿದೆ. ಇನ್ನೊಂದು ಸಲ ಬದಲಿಸಿದರೆ ಮುಂದಕ್ಕೆ. ತಪ್ಪುವ ಮಾತೇ ಇಲ್ಲ.

ಐದನೆಯ ಸಲ ಬದಲಿಸಿ ಟೇಪು ಬಿಗಿದರು. “ಇನ್ನ ಯಾರಾದ್ರೂ ಕೈ ಹಚ್ಚೀರಿ ನೋಡ್ರಿ!” ಎಂದು ಇಬ್ಬರನ್ನೂ ಮನೆಗೆ ಅಟ್ಟಿದರು. ಗಂಟೆ ನಾಲ್ಕೂವರೆ. ಮೊಳಕೈ ತನಕ ಗ್ರೀಸು.

“ಜಳಕ ಮಾಡಿ ಬಿಳಿ ಅಂಗಿ ಹಾಕ್ಕಂಡು ಬರ್ರಿ, ಹಂಗೇ ಹೊಸಪೇಟಿಗೆ ಹೋಗೀರಂತ,” ಎಂದರು ಗಂಗಾಂಬಿಕಾ, ಕುರ್ಚಿ ಎಳೆದುಕೊಳ್ಳುತ್ತ. “ಕಾಯಾಕ ನಾ ಅದೀನಿ.”

“ಯಾರ್ನೂ ಹತ್ರ ಬಿಡಬ್ಯಾಡ.”

“ಒಂದು ನೊಣಾನೂ ಬಿಡಂಗಿಲ್ಲ.”

ಐದಕ್ಕೆ ಸರಿಯಾಗಿ ಕೊಟ್ರಬಸಪ್ಪ ಮದುಮಗನಂತೆ ಹೊರಬಂದು ಸೈಕಲ್ ಹತ್ತಿದರು. ಓಣಿ ಉಸಿರು ಹಿಡಿದಿತ್ತು. ಉಚ್ಚೆಂಗಮ್ಮ ಮಾತ್ರ ಸೀರೆ ಸಮೇತ ಸಂಡಿಗೆ ಎತ್ತಿಟ್ಟಿದ್ದಳು. ಹಿಡಿ ತಿರುಗಿತು. ಕೊಟ್ರಬಸಪ್ಪನವರು ಮುಂದೆ ನೋಡುತ್ತ, ನಗುವನ್ನು ಇನ್ನೂ ಮುಖದಲ್ಲೇ ಇಟ್ಟುಕೊಂಡು, ಎಲ್ಲರೆದುರು ಹಿಂದಕ್ಕೆ ಸಾಗಿಹೋದರು.

ಯಾರೂ ನಗಲಿಲ್ಲ. ಅದೇ ಅವರಿಗೆ ಹೆಚ್ಚು ಚುಚ್ಚಿತು.

ಗಂಗಾಂಬಿಕಾ ಸ್ಕೂಟರ್ ಹೊರಗೆ ತಂದರು. ಡಿಕ್ಕಿಯಿಂದ ಹೊಸ ಹೆಲ್ಮೆಟ್ಟೊಂದನ್ನು ತೆಗೆದು, ಪ್ಲಾಸ್ಟಿಕ್ ಕವರು ಹರಿದು, ಗಂಡನ ತಲೆಗೆ ತೊಡಿಸಿದರು. ಅಳತೆ ನೋಡಿಯೇ ತಂದಂತೆ ಕೂತಿತು.

ಊರು ದಾಟುವ ತನಕ ಕೊಟ್ರಬಸಪ್ಪ ಬೆರಳು ಮಡಚಿ ಲೆಕ್ಕ ಹಾಕುತ್ತಲೇ ಇದ್ದರು. ಐದು ಎಂದರೆ ಬೆಸ. ಬೆಸ ಎಂದರೆ ಮುಂದಕ್ಕೆ. ಕಡೆಗೆ ಹೆಂಡತಿಯ ಹೆಲ್ಮೆಟ್ಟಿನ ಹತ್ತಿರ ಬಾಗಿದರು.

“ಲೇ ಗಂಗಾ, ಖರೇ ಹೇಳು. ನಾ ಜಳಕಕ್ಕ ಹೋದಾಗ ತಂತಿ ಮುಟ್ಟಿದ್ಯೇನು?”

“ಮೂರು ಸಲ ಮುಟ್ಟೀನಿ.”

“ಮೂರು!”

“ಮೊದ್ಲನೇದು, ಓಣ್ಯಾಗ ಎಲ್ರೂ ಮಾಡ್ಯಾರ, ನಾನೂ ಒಂದು ನೋಡಾನು ಅಂತ. ಎರಡನೇದು, ಪಾಪ, ನೀವು ಕಷ್ಟಪಟ್ಟಿದ್ದು ಕೆಡಬಾರ್ದು ಅಂತ ಇದ್ದಂಗ ಇಟ್ಟೆ.”

“ಮತ್ತ ಮೂರನೇದು?”

ಮುಂದೆ ರಸ್ತೆಯಲ್ಲಿ ಒಂದು ನಾಯಿಯೂ ಇರಲಿಲ್ಲ. ಆದರೂ ಗಂಗಾಂಬಿಕಾ ಉದ್ದಕ್ಕೆ ಹಾರನ್ ಹೊಡೆದರು.