ಕಬ್ಬಿಣದ ಕಡಾಯಿಯ ಕೇಸರಿ

ಎಲ್ಲರದೂ ಒಂದೇ ಬಣ್ಣವಾಗಬೇಕು ಎನ್ನುವವರನ್ನು ಕಂಡರೆ ನನಗೆ ಈಗ ಮೈ ಉರಿಯುತ್ತದೆ. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ನಾವು ಅಕ್ಕತಂಗಿಯರೇ ಒಂದು ಬಣ್ಣದವರಲ್ಲ. ನನ್ನನ್ನು ನೋಡಲು ಬಂದ ಮೊದಲ ವರನ ಕಡೆಯವರು ಅದನ್ನು ನನ್ನ ಮುಖಕ್ಕೇ ಹೇಳಿ, ನಮ್ಮವ್ವ ಮಾಡಿದ ಚಕ್ಕುಲಿಯನ್ನೆಲ್ಲ ತಿಂದು ಹೋಗಿದ್ದರು. ಅಂಥವಳು ಓಣಿಯ ಅಷ್ಟೂ ಹೆಂಗಸರ ಸೀರೆಗಳಿಗೆ ಒಂದೇ ಬಣ್ಣ ಹಾಕಿಸುತ್ತೇನೆಂದು ಎದೆ ತಟ್ಟಿಕೊಂಡು ಹೊರಟಿದ್ದೆ ಎಂದರೆ ನೀವು ನಗುತ್ತೀರಿ. ನಗಿರಿ, ನಾನೇನು ಹೆದರುವವಳಲ್ಲ.

ಅದು ಚಳವಳಿಯ ಕಾಲ. ಧಾರವಾಡದ ನಮ್ಮ ಓಣಿಯ ಹೆಂಗಸರೆಲ್ಲ ಕೇಸರಿ ಖಾದಿ ಸೀರೆಯುಟ್ಟು ಮೆರವಣಿಗೆ ಹೊರಡುವುದೆಂದು ನಿಶ್ಚಯವಾಗಿತ್ತು. ಕೇಸರಿ ಸೀರೆಯವರನ್ನು ಹಿಡಿಯಬೇಕೆಂದು ಸರಕಾರದ ಹುಕುಮೂ ಆಗಿತ್ತು. ಎಲ್ಲರೂ ಒಂದೇ ಬಣ್ಣದಲ್ಲಿ ಹೋದರೆ ನಮ್ಮದೊಂದು ದಳ. ಇಲ್ಲವಾದರೆ ಅರಿಶಿನ ಕುಂಕುಮಕ್ಕೆ ಹೊರಟವರು ಎಂದುಕೊಂಡು ಯಾರೂ ತಿರುಗಿ ಸಹ ನೋಡುವುದಿಲ್ಲ. ಅದಕ್ಕೇ ನಾನು, ಒಂದು ದೊಡ್ಡ ಹಂಡೆಯಲ್ಲಿ ಮುತ್ತಲ ಹೂವು ಕುದಿಸಿ ಎಲ್ಲ ಸೀರೆಗಳನ್ನೂ ಒಟ್ಟಿಗೆ ಅದ್ದಿಬಿಡೋಣ ಎಂದೆ. ನಮ್ಮಲ್ಲಿ ಹಿರಿಯಳಾದ ಗೋದಕ್ಕ ಸಿಡಿದೆದ್ದಳು. "ಅಲ್ಲ ಕಮಲಾ, ಎಲ್ಲಾರ ಸೀರಿ ಒಂದ ಹಂಡ್ಯಾಗ ಅದ್ದಿದ್ರ ಮಡಿ ಎಲ್ಲಿ ಉಳೀತು? ನಿನ್ನ ಜೋಡಿ ಜೇಲಿಗೆ ಬೇಕಾದ್ರ ಬರ್ತೇನಿ, ನಿನ್ನ ಹಂಡ್ಯಾಗ ಮಾತ್ರ ನನ್ನ ಸೀರಿ ಹಾಕೂದಿಲ್ಲ!" ಉಳಿದವರೂ ಹೌದೌದು ಎಂದರು.

ಕೊನೆಗೆ ಅವರವರ ಸೀರೆಗೆ ಅವರವರ ಮನೆಯಲ್ಲೇ ಬಣ್ಣ ಎಂದಾಯಿತು. ನಾನೇ ಒಂದೇ ಸೇರಿನಲ್ಲಿ ಹೂವು ಅಳೆದು, ಬಣ್ಣ ಕಚ್ಚಲೆಂದು ಸಮಸಮ ಪಟಿಕ ಹಂಚಿದೆ. ಅಳತೆ ಒಂದಾದ ಮೇಲೆ ಬಣ್ಣ ಒಂದಾಗದೆ ಎಲ್ಲಿಗೆ ಹೋಗುತ್ತದೆ? ಹೋಯಿತು! ಹಿತ್ತಾಳೆ ಪಾತ್ರೆಯವರದು ಹಳದಿ, ಉಪ್ಪುನೀರಿನ ಬಾವಿಯವರದು ಇಟ್ಟಿಗೆ, ಗೋದಕ್ಕನದು ಮಾತ್ರ ಚೆಂದದ ಕೇಸರಿ. ನನ್ನದು? ತಾಮ್ರದ ಹಂಡೆ ನಮ್ಮವರ ಸ್ನಾನದ ನೀರಿಗೆ ಮೀಸಲಾದ್ದರಿಂದ ನಾನು ಕಬ್ಬಿಣದ ಕಡಾಯಿಯಲ್ಲಿ ಕುದಿಸಿದ್ದೆ, ಸೀರೆ ಕಡುಕಂದಾಗಿತ್ತು. ಕಬ್ಬಿಣಕ್ಕೂ ಮುತ್ತಲ ಹೂವಿಗೂ ಆಗಿಬರುವುದಿಲ್ಲವೆಂದು ಯಾರಾದರೂ ಒಂದು ಮಾತು ಹೇಳಬಾರದಿತ್ತೆ? ನಮ್ಮವರು ಸೀರೆ ನೋಡಿ, "ಕಾಚಿನ ಬಣ್ಣ ಭಾಳ ಛಲೋ ಕೂತದ ನೋಡು," ಎಂದರು. "ಕಣ್ಣು ತೋರಿಸ್ಕೊಂಡು ಬರ್ರಿ. ಇದು ಕೇಸರಿ," ಎಂದೆ. ಓಣಿಯಲ್ಲಿ ಅಂದು ಸಂಜೆಯೆಲ್ಲ ನಿನ್ನದು ಕೇಸರಿಯಲ್ಲ, ನಿನ್ನದಲ್ಲ ಎಂದು ಜಗಳವೋ ಜಗಳ. ಸಾಕಿನ್ನು, ಹೇಗಿದೆಯೋ ಹಾಗೇ ಉಟ್ಟು ಬನ್ನಿ ಎಂದು ನಾನು ಗದರಿದೆ.

ಬೆಳಿಗ್ಗೆ ಹಾಡುತ್ತ ಹೊರಟೆವು. ಓಣಿಯ ತಿರುವಿನಲ್ಲೇ ಫೌಜದಾರ ಲಾರಿ ನಿಲ್ಲಿಸಿಕೊಂಡು ಕಾಯುತ್ತಿದ್ದ. ಹಳದಿಯವರನ್ನು ಹತ್ತಿಸಿದ, ಇಟ್ಟಿಗೆಯವರನ್ನು ಹತ್ತಿಸಿದ, ಗೋದಕ್ಕನನ್ನು ಕೈಮುಗಿದು ಹತ್ತಿಸಿದ. ಎಲ್ಲರಿಗಿಂತ ಮುಂದೆ ನಿಶಾನೆ ಹಿಡಿದು ನಿಂತ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬಾಯಾರ, ನೀವು ಮನಿಗೆ ಹೋಗ್ರಿ. ಹುಕುಂ ಇರೋದು ಕೇಸರಿ ಸೀರಿಯವರಿಗೆ," ಎಂದ.

ನನ್ನ ಕಣ್ಣಲ್ಲಿ ನೀರು ಬಂತು, ಸಿಟ್ಟಿನದು. ಊರನ್ನೆಲ್ಲ ಎಬ್ಬಿಸಿದವಳು ನಾನು. ಎಲ್ಲರೂ ಜೇಲಿಗೆ, ನಾನು ಮನೆಗೆ ಹೋಗಿ ಒಲೆ ಹಚ್ಚಬೇಕೆ? "ಇದು ಕೇಸರಿ ಅದ!" ಎಂದು ಸೆರಗು ಹಿಡಿದು ಅವನ ಮೂಗಿನ ಮುಂದೆ ಆಡಿಸಿದೆ. "ಇದು ಕಾಚು ಐತ್ರಿ," ಎಂದ. "ಕೇಸರಿ!" "ಕಾಚು!" ಅವನಿಗೂ ಸಾಕಾಗಿ, ಲಾರಿಯ ಕಡೆ ತಿರುಗಿ, "ಏನ್ರಿ, ಇದು ಕೇಸರಿ ಏನ್ರಿ?" ಎಂದು ಕೇಳಿದ.

ಹಿಂದಿನ ದಿನ ಒಬ್ಬಳ ಬಣ್ಣವನ್ನು ಇನ್ನೊಬ್ಬಳು ಒಪ್ಪದವರು ಎಲ್ಲರೂ ಒಟ್ಟಿಗೆ, "ಕೇಸರೀನ ಅದರೀ!" ಎಂದು ಕೂಗಿದರು. ಗೋದಕ್ಕ ಮಡಿಯನ್ನೂ ಮರೆತು ಕೈ ಚಾಚಿ ನನ್ನನ್ನು ಮೇಲೆಳೆದುಕೊಂಡಳು. "ಆತ್ರಿ, ಕೇಸರಿ. ಹತ್ರಿ," ಎಂದ ಫೌಜದಾರ.

ನಾವು ಕೇಳಿದ ಒಂದನ್ನೂ ಒಪ್ಪದ ಸರಕಾರ ಅಂದು ನನ್ನ ಸೀರೆ ಕೇಸರಿ ಎಂಬುದನ್ನು ಒಪ್ಪಿತು. ನಮ್ಮ ಮನೆಯವರು ಮಾತ್ರ ಇನ್ನೂ ಒಪ್ಪಿಲ್ಲ. ಅವರು ಒಪ್ಪುವವರೆಗೂ ಹಬ್ಬಕ್ಕೆ ನಾನು ಬೇರೆ ಸೀರೆ ಉಡುವುದಿಲ್ಲ.